ಮರೀಚಿಯ ಮುಂದಿನದು

ಮೊದಲ ಕೆಲಸ ಗಂಡನ ಮಗ್ಗುಲು ಬದಲಿಸುವುದು. ಒಂದು ಕೈ ಅವನ ಭುಜದಡಿಗೆ, ಒಂದು ಕೈ ಸೊಂಟದಡಿಗೆ ತೂರಿಸಿ, ತಾನು ಉಸಿರು ಬಿಡುವಾಗ ಎಳೆಯಬೇಕು. ಉಸಿರು ಕಟ್ಟಿ ಎಳೆದರೆ ನಡು ಹಿಡಿದುಕೊಳ್ಳುತ್ತದೆ. ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಬೆನ್ನಿಗೆ ಪೌಡರು ಹಚ್ಚಬೇಕು. ಆಮೇಲೆ ಬಾಗಿಲಿಗೆ ನೀರು, ನಾಲ್ಕೆಳೆ ರಂಗೋಲಿ. ಹಿತ್ತಿಲ ಹಂಡೆಗೆ ಉರಿ. ಹಜಾರ ಗುಡಿಸಿ ಒರೆಸುವುದು, ಒಳಗಿನ ಕಾವು ಆಚೆ ಹೋಗದಂತೆ ಕಿಟಕಿಗಳನ್ನೆಲ್ಲ ಮುಚ್ಚುವುದು, ನಿನ್ನೆ ಒಗೆದು ಮಹಡಿಯ ಮೇಲೆ ಹರವಿದ್ದ ಜಮಖಾನಗಳನ್ನು ಹೊತ್ತು ತಂದು ಸಾಲಾಗಿ ಹಾಸುವುದು. ದೇವರಿಗೆ ದೀಪ. ಇಡ್ಲಿ ತಟ್ಟೆಗೆ ಎಣ್ಣೆ, ಫಿಲ್ಟರಿಗೆ ಕುದಿಯುವ ನೀರು, ಚಟ್ನಿಗೆ ಕಾಯಿ ತುರಿ. ಕೊನೆಗೆ ದೊಡ್ಡ ಪಾತ್ರೆಯ ತುಂಬ ಹಾಲು, ಸಣ್ಣ ಉರಿ.

ಇಷ್ಟಾದ ಮೇಲೆ ವಿಶಾಲು ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ಹಾಲು ಉಕ್ಕುವವರೆಗಿನ ಹೊತ್ತು ಅವಳದು.

ಒಂಟಿಕೊಪ್ಪಲಿನ ಆ ಓಣಿಯಲ್ಲಿ ಶೇಷಗಿರಿಯ ಯೋಗಶಾಲೆಯನ್ನು ಕೇಳಿ ಹುಡುಕಬೇಕಾಗಿಲ್ಲ. ಆಟೋದವರು ಅದಕ್ಕೆ ಬೆವರಿನ ಮನೆ ಎಂದೇ ಹೆಸರಿಟ್ಟಿದ್ದಾರೆ. ಇನ್ನೂ ಬೆಳಕು ಹರಿಯುವ ಮೊದಲೇ ಬಗಲಲ್ಲಿ ಚಾಪೆ ಸುರುಳಿ ಹಿಡಿದುಕೊಂಡು ಒಬ್ಬೊಬ್ಬರಾಗಿ ಬಂದು ಗೇಟಿನ ಹತ್ತಿರ ನಿಲ್ಲುತ್ತಾರೆ. ಯಾವ ಯಾವುದೋ ದೇಶದವರು, ನಡುವೆ ನಾಲ್ಕೈದು ಜನ ಇಲ್ಲಿನವರು. ಕಣ್ಣು ಮುಚ್ಚಿ ಕೂತು ಹಾಯಾಗಿರುವ ಯೋಗ ಬೇಕಾದವರು ಬೇರೆ ಕಡೆ ಹೋಗುತ್ತಾರೆ. ಇಲ್ಲಿನದು ಹಾರಿ ಕೂರುವ, ಹಾರಿ ಏಳುವ, ಒಂದು ಆಸನದ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದ ಯೋಗ; ಮುಗಿಯುವ ಹೊತ್ತಿಗೆ ಜಮಖಾನ ಹಿಂಡಿದರೆ ನೀರು ಇಳಿಯಬೇಕು. ಬೆವರನ್ನು ಒರೆಸಿಕೊಳ್ಳುವ ಹಾಗಿಲ್ಲ, ಮೈಗೇ ತಿಕ್ಕಿಕೊಳ್ಳಬೇಕು. ನಡುವೆ ನೀರು ಕುಡಿಯುವ ಹಾಗಿಲ್ಲ. ಪಕ್ಕದವರನ್ನು ನೋಡುವ ಹಾಗಿಲ್ಲ, ಆದರೂ ಎಲ್ಲರೂ ನೋಡುತ್ತಾರೆ.

ಹೊಸಬರಿಗೆ ಮೊದಲ ದಿನ ಸೂರ್ಯನಮಸ್ಕಾರ ಬಿಟ್ಟು ಬೇರೆ ಏನೂ ಇಲ್ಲ. ಏಕಂ ಎಂದರೆ ಉಸಿರೆಳೆದು ಕೈ ಮೇಲೆ, ದ್ವೇ ಎಂದರೆ ಉಸಿರು ಬಿಟ್ಟು ಬಗ್ಗುವುದು, ತ್ರೀಣಿ ಎಂದರೆ ತಲೆ ಎತ್ತುವುದು, ಚತ್ವಾರಿ ಎಂದರೆ ಹಿಂದಕ್ಕೆ ಹಾರಿ ಹಲಗೆಯ ಹಾಗೆ ನೆಲದ ಹತ್ತಿರ ನಿಲ್ಲುವುದು. ಹೊಸಬರು ಅಲ್ಲೇ ಮುಗ್ಗರಿಸುವುದು. ಕೈಕಾಲಿನ ಮೇಲೆ ಗಮನ ಹೋಗಿ ಉಸಿರು ಕಟ್ಟಿಕೊಂಡುಬಿಡುತ್ತಾರೆ, ಮುಖ ಕೆಂಪಗಾಗುತ್ತದೆ. ಕೈಕಾಲು ತಪ್ಪಿದರೆ ನಾಳೆ ಸರಿಹೋಗುತ್ತದೆ, ಉಸಿರು ತಪ್ಪಿದರೆ ಇವತ್ತೇ ಹೋಯಿತು ಎಂದು ಶೇಷಗಿರಿ ಹೇಳುತ್ತಿದ್ದ. ಅಷ್ಟು ಮಾಡಿಸಿ, ಅಂಗಾತ ಮಲಗಿಸಿ, ಮನೆಗೆ ಕಳಿಸುತ್ತಿದ್ದ. ನಾಳೆ ನಿಂತು ಮಾಡುವ ಆಸನ ಒಂದೋ ಎರಡೋ. ಆಮೇಲೆ ಕೂತು ಮಾಡುವವು. ಒಂದು ಪಳಗಿದ ಮೇಲೆ ಮುಂದಿನದು. ಆ ಮುಂದಿನದನ್ನು ಗುರು ಬಾಯಿಬಿಟ್ಟು ಕೊಡಬೇಕು. ನೋಡಿ ಕಲಿತು ತಾನೇ ತೆಗೆದುಕೊಂಡರೆ ಅದು ಕಳವು. ಎಲ್ಲಿ ನಿಲ್ಲಿಸಿದರೋ ಅಲ್ಲಿಯವರೆಗೆ ದಿನವೂ ಮಾಡಿ ನಿಲ್ಲಬೇಕು, ತಿಂಗಳಾಗಲಿ, ವರ್ಷವಾಗಲಿ. ಆದ್ದರಿಂದ ಆ ಶಾಲೆಯಲ್ಲಿ ಹೊಸ ಮುಖ ಕಂಡವರು ಹೆಸರು, ಊರು ಕೇಳುವ ಮೊದಲು ಕೇಳುವುದು ಒಂದೇ: ಎಲ್ಲಿವರೆಗೆ ಆಗಿದೆ?

ವಿಶಾಲುವಿಗೆ ಮರೀಚಿ ಆಸನದವರೆಗೆ ಆಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿಗೇ ನಿಂತಿತ್ತು.

ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಶೇಷಗಿರಿಗೆ ಕೆಲಸವಿರಲಿಲ್ಲ. ಸಂಸ್ಕೃತ ಪಾಠಶಾಲೆಯ ಮುದುಕ ಗುರುವೊಬ್ಬರ ಹತ್ತಿರ ಕಲಿತ ಆಸನಗಳಿದ್ದವು, ಕಲಿಸಲು ಶಿಷ್ಯರಿರಲಿಲ್ಲ. ಹಾಗಾಗಿ ಹೆಂಡತಿಗೆ ಕಲಿಸಿದ. ಸೀರೆ ಉಟ್ಟು ಹಾರುವುದಾಗದೆ ಅವನ ಪೈಜಾಮಕ್ಕೆ ಲಾಡಿ ಬಿಗಿದುಕೊಂಡು ಅವಳು ನಿಂತಳು. ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಅತ್ತೆ ಸಾವಿತ್ರಮ್ಮ ನೋಡುತ್ತಿದ್ದರು.

"ಗಂಡನ ಪೈಜಾಮ ಹಾಕ್ಕೊಂಡು ಕಪ್ಪೆ ಥರ ಕುಪ್ಪಳಿಸ್ತಾಳಲ್ಲೋ ಶೇಷು. ನಾಳೆ ನೀನು ಅವಳ ಸೀರೆ ಉಟ್ಕೊಂಡು ಒಗ್ಗರಣೆ ಹಾಕು."

"ಹಾಕ್ತೀನಿ ಬಿಡಮ್ಮಾ. ಸಾಸಿವೆ ಎಲ್ಲಿದೆ ತೋರ್ಸು," ಎಂದು ಅವನು ನಗುತ್ತಿದ್ದ.

ಯಾರ ಬೆನ್ನನ್ನು ಎಷ್ಟು ಒತ್ತಿದರೆ ಬಗ್ಗುತ್ತದೆ, ಎಲ್ಲಿ ಒತ್ತಿದರೆ ಮುರಿಯುತ್ತದೆ ಎಂಬುದನ್ನು ಶೇಷಗಿರಿ ಕಲಿತದ್ದು ಅವಳ ಬೆನ್ನಿನ ಮೇಲೆ. ಒಮ್ಮೆ ಹೆಚ್ಚು ಒತ್ತಿ ಎಡ ಭುಜ ಉಳುಕಿ, ತಿಂಗಳುಗಟ್ಟಲೆ ಅವಳಿಗೆ ಕೊಡಪಾನ ಎತ್ತಲಾಗಲಿಲ್ಲ. ಅಷ್ಟಾದರೂ ಆ ಬೆಳಗುಗಳನ್ನು ನೆನೆದರೆ ವಿಶಾಲುವಿಗೆ ಈಗಲೂ ಎದೆ ತುಂಬಿ ಬರುತ್ತದೆ. ಅವನು ಎಣಿಸುತ್ತಿದ್ದ, ಇವಳು ಉಸಿರಾಡುತ್ತಿದ್ದಳು. ಗಂಡ ಹೆಂಡಿರ ನಡುವೆ ಅದಕ್ಕಿಂತ ಹತ್ತಿರದ ಮಾತು ಆಮೇಲೆ ಎಂದೂ ನಡೆಯಲಿಲ್ಲ.

ಮರೀಚಿಯಲ್ಲಿ ನಾಲ್ಕು ಬಗೆ. ನಾಲ್ಕನೆಯದು ಕಠಿಣ. ಒಂದು ಪಾದ ತೊಡೆಯ ಸಂದಿಗೆ, ಇನ್ನೊಂದು ಮಂಡಿ ಮೇಲಕ್ಕೆ, ನಡು ತಿರುಚಿ, ಎರಡೂ ಕೈ ಬೆನ್ನ ಹಿಂದೆ ಸಿಕ್ಕಬೇಕು. ಅಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವರಿದ್ದಾರೆ. ಅವಳಿಗೆ ಅದು ಪಳಗಿದ ಬೆಳಗ್ಗೆ ಶೇಷಗಿರಿ ಅವಳ ಬೆರಳುಗಳನ್ನು ಬಿಡಿಸಿ ನಕ್ಕ. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ ಕೂಗಿದರು. "ವಿಶಾಲೂ, ಹಾಲು ಉಕ್ತಾ ಇದೆ ಕಣೇ."

"ಹೋಗು, ಹಾಲು ನೋಡು. ಮುಂದಿನ್ದು ನಾಳೆ ಕೊಡ್ತೀನಿ," ಎಂದ ಶೇಷಗಿರಿ.

ಮಾರನೆಯ ದಿನ ಅವಳು ವಾಂತಿ ಮಾಡಿಕೊಂಡಳು. ಬಸುರಿ ಎಂದು ಗೊತ್ತಾಯಿತು, ಆಸನ ನಿಂತಿತು. ಅದು ನ್ಯಾಯವೇ. ಐದನೆಯ ತಿಂಗಳಿಗೆ ಮಗು ಹೋಯಿತು. ಚೆಲುವಾಂಬ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ನೆರೆಯವರ ಮುಂದೆ ಅತ್ತೆ ಹೇಳಿದರು: "ಮೊದಮೊದಲ ದಿನಗಳಲ್ಲಿ ಹೊಟ್ಟೆ ತಿರುಚ್ಕೊಂಡು ಕೂತಿದ್ಲಲ್ಲ. ಬೇರು ಅಲ್ಲಾಡಿಸಿ ಗಿಡ ನೆಟ್ರೆ ನಿಲ್ಲತ್ತಾ?"

ಶೇಷಗಿರಿ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಇಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಅವಳು ಅವನ ಮುಖ ನೋಡಿದಳು, ಅವನು ಹಜಾರದ ಕಿಟಕಿ ಸರಿಪಡಿಸಲು ಹೋದ.

ಮೈ ಸುಧಾರಿಸಿದ ಮೇಲೆ ಅವಳೇ ಕೇಳಿದಳು. "ಮುಂದಿನ್ದು ಕೊಡ್ತೀನಿ ಅಂದಿದ್ರಿ."

"ನಾಳೆ ನೋಡೋಣ."

ಅಷ್ಟರಲ್ಲಿ ಹೊರಗಿನ ಶಿಷ್ಯರು ಬರಲು ಶುರುವಾಗಿತ್ತು. ಅವರಿಗೆ ತಿಂಡಿ ಬೇಕು, ಜಮಖಾನ ಬೇಕು, ಬಿಸಿನೀರು ಬೇಕು. ಅವಳ ಜಮಖಾನದ ಜಾಗದಲ್ಲಿ ಇನ್ನೊಬ್ಬಳು ನಿಂತಳು. ನಾಳೆ ನೋಡೋಣ ಎಂದು ಅವನು ಇನ್ನೂ ಕೆಲವು ಸಲ ಹೇಳಿದ. ಅವಳು ಕೇಳುವುದನ್ನು ಬಿಟ್ಟಳು. ಮತ್ತೆ ಮಕ್ಕಳಾಗಲಿಲ್ಲ. ಅವನು ನಿಜವಾಗಿ ತನ್ನನ್ನು ತಪ್ಪಿತಸ್ಥೆ ಎಂದುಕೊಂಡಿದ್ದಾನೆಯೇ ಎಂಬ ಒಂದು ಮಾತು ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮುಂದಿನದನ್ನು ಕೊಟ್ಟರೆ, ಹಾಗೆ ಅಂದುಕೊಂಡಿಲ್ಲ ಎಂದು ಅರ್ಥ. ಕೊಡದಿದ್ದರೆ? ಅವಳು ಅಲ್ಲಿಗೆ ಯೋಚನೆ ನಿಲ್ಲಿಸಿ ಹಿಟ್ಟು ರುಬ್ಬುತ್ತಿದ್ದಳು.

ಆದರೆ ಮರೀಚಿಯವರೆಗಿನದನ್ನು ಅವಳು ಬಿಡಲಿಲ್ಲ. ಉಗ್ರಾಣದಲ್ಲಿ ಅಕ್ಕಿ ಡ್ರಮ್ಮಿಗೂ ಗೋಡೆಗೂ ನಡುವೆ ಒಬ್ಬಳು ಮಲಗುವಷ್ಟು ಜಾಗವಿತ್ತು. ತ್ರಿಕೋಣಾಸನಕ್ಕೆ ಕೈ ಚಾಚಿದರೆ ಬೇಳೆ ಡಬ್ಬ ತಾಗುತ್ತಿತ್ತು. ಆಸನಗಳ ಸಾಲು ನಡುವೆ ಮುರಿಯಬಾರದು ಎಂದು ನಿಯಮ; ಅವಳ ಸಾಲು ಕುಕ್ಕರಿನ ಸೀಟಿಗೆ, ಬಾಗಿಲು ಬಡಿತಕ್ಕೆ, ವಿಶಾಲೂ ಎಂಬ ಕೂಗಿಗೆ ಮುರಿಯುತ್ತ, ಮತ್ತೆ ಕೂಡುತ್ತ ಸಾಗಿತು. ಶನಿವಾರ ಶಾಲೆಗೆ ರಜೆ, ಎಲ್ಲರಿಗೂ ಹರಳೆಣ್ಣೆ ಅಭ್ಯಂಜನ. ಅಂದು ಎಣ್ಣೆ ಮೆತ್ತಿದ ಟವೆಲುಗಳ ರಾಶಿ ಅವಳದು. ತಿಂಗಳ ಮೂರು ದಿನ ಹೆಂಗಸರು ಆಸನ ಮಾಡಬಾರದು. ಅತ್ತೆ ಇದ್ದಾಗ ಆ ಮೂರು ದಿನ ಅಡುಗೆಮನೆಯೂ ಇರಲಿಲ್ಲ, ಹಿತ್ತಿಲ ಕೋಣೆಯಲ್ಲಿ ಕೂತು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಅತ್ತೆ ಹೋದ ಮೇಲೆ ಬೇಯಿಸುವವರು ಯಾರು? ಅಡುಗೆಗೆ ಮೈಲಿಗೆ ಹೋಯಿತು, ಆಸನಕ್ಕೆ ಮಾತ್ರ ಉಳಿಯಿತು.

ಅಡುಗೆಮನೆಗೂ ಹಜಾರಕ್ಕೂ ನಡುವೆ ಲೋಟ ದಾಟಿಸುವಷ್ಟು ಒಂದು ಕಿಂಡಿ. ಅಲ್ಲಿಂದ ಅವಳು ನೋಡುತ್ತಿದ್ದಳು. ಮರೀಚಿಯ ಮುಂದಿನದು ನಾವಾಸನ. ಕೂತಲ್ಲೇ ಎರಡೂ ಕಾಲು ನೆಟ್ಟಗೆ ಎತ್ತಿ, ಕೈ ಮುಂದಕ್ಕೆ ಚಾಚಿ, ದೋಣಿಯ ಹಾಗೆ ನಿಲ್ಲುವುದು. ಎಷ್ಟು ದೇಶದ ಎಷ್ಟು ಜನರ ಕಾಲುಗಳು ಆ ಕಿಂಡಿಯಲ್ಲಿ ಎದ್ದು ನಡುಗಿ ಇಳಿದವೋ. ಅವಳು ಒಂದು ದಿನವೂ ಎತ್ತಲಿಲ್ಲ. ಕೊಟ್ಟಿರಲಿಲ್ಲ.

ಹೋದ ಮಳೆಗಾಲದಲ್ಲಿ ಶೇಷಗಿರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ಎಲ್ಲ ಮಾತೂ ಹೋದ ಮೇಲೆ ಎಣಿಕೆ ಮಾತ್ರ ಉಳಿಯಿತು. ಬಾಯಾರಿದರೂ ಏಕಂ, ದ್ವೇ. ಸಿಟ್ಟು ಬಂದರೂ ತ್ರೀಣಿ, ಚತ್ವಾರಿ. ಡಾಕ್ಟರು, ಪಾಠ ಬಂದದ್ದು ಹಾಗೇ ಉಳ್ಕೊಳ್ಳತ್ತಮ್ಮ, ಅರ್ಥ ಇಟ್ಕೊಂಡು ಹೇಳೋದಲ್ಲ ಅದು, ಎಂದರು. ಶಾಲೆಯನ್ನು ಹಳೆಯ ಶಿಷ್ಯ ಭಾರ್ಗವ ನಡೆಸತೊಡಗಿದ. ಹಜಾರದಲ್ಲಿ ಭಾರ್ಗವ ಎಣಿಸಿದರೆ ಒಳಕೋಣೆಯಲ್ಲಿ ಶೇಷಗಿರಿಯೂ ಎಣಿಸುತ್ತಿದ್ದ, ಒಂದು ಉಸಿರು ತಡವಾಗಿ.

ದಾಕ್ಷಾಯಿಣಿ ಬಂದದ್ದು ಆಗ. ಪಶುಆಸ್ಪತ್ರೆಯಲ್ಲಿ ಗುಮಾಸ್ತೆ, ನಲವತ್ತರ ಆಸುಪಾಸು. ಮೊದಲ ದಿನವೇ ಸೂರ್ಯನಮಸ್ಕಾರದ ನಡುವೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಮ್ಮಾ, ಕಣ್ಣಿಗೆ ಕತ್ತಲೆ ಬರ್ತಾ ಇದೆ. ಭಾರ್ಗವ ಸರ್ ನೀರು ಕುಡೀಬೇಡಿ ಅಂತಾರೆ. ಗೊತ್ತಾಗದ ಹಾಗೆ ಒಂದು ಲೋಟ ಕೊಡಿ."

"ಹೊಟ್ಟೆಗೆ ಏನು ತಿಂದ್ಕೊಂಡು ಬಂದ್ರಿ?"

"ಏನಿಲ್ಲ. ಎರಡು ಚಿರೋಟಿ. ಆಫೀಸಲ್ಲಿ ಯಾರದೋ ಗೃಹಪ್ರವೇಶದ್ದು ಉಳಿದಿತ್ತು."

"ಎರಡು ಚಿರೋಟಿ ಹೊಟ್ಟೇಲಿಟ್ಕೊಂಡು ತಲೆಕೆಳಗೆ ಮಾಡಿದ್ರೆ ಕಣ್ಣಿಗೆ ಕತ್ತಲೆ ಬರದೆ ದೀಪಾವಳಿ ಕಾಣತ್ತಾ? ಕೂತ್ಕೊಳ್ಳಿ. ಉಸಿರು ಬಿಡಿ. ಎಳ್ಕೊಳ್ಳೋದು ತಾನಾಗೇ ಆಗತ್ತೆ, ಮೊದಲು ಬಿಡಿ."

ದಾಕ್ಷಾಯಿಣಿ ಉಸಿರು ಬಿಟ್ಟಳು. ಬಣ್ಣ ಮುಖಕ್ಕೆ ಮರಳಿತು. "ಹಸುಗೆ ಇಂಜೆಕ್ಷನ್ ಕೊಡ್ಸೋಕೆ ಬರೋರಿಗೆ ಚೀಟಿ ಬರ್ದೂ ಬರ್ದೂ ನಡು ಹಸುಗಿಂತ ಕಡೆ ಆಗಿದೆ ನಂದು," ಎಂದು ನಕ್ಕಳು. ಆಮೇಲೆ ಕೇಳಿದಳು. "ನೀವೂ ಮಾಡ್ತೀರಾ ಅಮ್ಮಾ? ಎಲ್ಲಿವರೆಗೆ ಆಗಿದೆ?"

ಆ ಮನೆಯಲ್ಲಿ ದಿನವೂ ಎಲ್ಲರೂ ಎಲ್ಲರನ್ನೂ ಕೇಳುವ ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ. ವಿಶಾಲು ಚಟ್ನಿಯ ಸೌಟು ಕೆಳಗಿಟ್ಟಳು.

"ಮರೀಚಿಯವರೆಗೆ."

"ಯಾವಾಗಿಂದ?"

"ಮದ್ವೆ ಆದ ಹೊಸದ್ರಲ್ಲಿ ಅಲ್ಲಿಗೆ ನಿಲ್ಸಿದ್ರು."

ದಾಕ್ಷಾಯಿಣಿಗೆ ಇದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. "ನಮ್ಮ ಆಫೀಸಲ್ಲೂ ಪ್ರಮೋಶನ್ ಹಿಂಗೇ ಅಮ್ಮಾ," ಎಂದು ಹೇಳಿ, ಅವಳ ಮುಖ ನೋಡಿ ಹಜಾರಕ್ಕೆ ಮರಳಿದಳು.

ಅಂದು ತಿಂಡಿ ಮುಗಿದ ಮೇಲೆ ವಿಶಾಲು ಭಾರ್ಗವನನ್ನು ಹಿತ್ತಿಲಿಗೆ ಕರೆದಳು. ತಾನು ಒಗೆದ ಜಮಖಾನದ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇಬ್ಬರೂ ಹಿಂಡುತ್ತಿರುವಾಗ ಕೇಳಿದಳು. "ಭಾರ್ಗವ, ನಂಗೆ ನಾವಾಸನ ನೀನು ಕೊಡ್ತೀಯಾ?"

ಅವನ ಕೈ ನಿಂತಿತು. "ನಾನಾ? ಅಮ್ಮಾ, ನೀವು ಗುರುಪತ್ನಿ. ನಿಮಗೆ ನಾನು ಪಾಠ ಹೇಳೋದಾ? ಸರ್ ಇನ್ನೂ ಇರೋವಾಗ?"

"ಸರ್ ಹೇಳೋ ಸ್ಥಿತೀಲಿ ಇದಾರಾ?"

"ಇರ್ಲಿ ಬಿಡಿ. ಅವರು ಇದ್ರೂ, ಇಲ್ದಿದ್ರೂ, ನಂಗೆ ಆಗಲ್ಲಮ್ಮ. ಪಾಪ ಬರತ್ತೆ." ಅವಳ ಮೇಲಿನ ಅಕ್ಕರೆಯಿಂದಲೇ ಹೇಳಿದ. "ಈ ವಯಸ್ಸಲ್ಲಿ ಯಾಕಮ್ಮ ನಿಮಗೆ? ಇಷ್ಟು ಕೆಲಸ ಮಾಡ್ತೀರಲ್ಲ, ನಿಮ್ದು ಇದೇ ಯೋಗ."

"ಹೌದಪ್ಪಾ. ಇದೇ ಯೋಗ ಆದ್ರೆ ನಾಳೆಯಿಂದ ಶಿಷ್ಯರಿಗೆಲ್ಲಾ ಇದನ್ನೇ ಕಲ್ಸು. ಜಮಖಾನ ಹಿಂಡೋರು ಜಾಸ್ತಿ ಆಗ್ತಾರೆ."

ಭಾರ್ಗವ ತಲೆ ತಗ್ಗಿಸಿ ಹಿಂಡಿದ. ನೀರು ಇಬ್ಬರ ಕಾಲ ಮೇಲೂ ಸುರಿಯಿತು.

ಇನ್ನು ಉಳಿದದ್ದು ಶೇಷಗಿರಿಯೇ. ಅವನ ಊಟ ಕಡಿಮೆಯಾಗುತ್ತ ಬಂದಿತ್ತು, ಕಣ್ಣು ಆಳಕ್ಕೆ ಇಳಿಯುತ್ತಿತ್ತು. ಹೆಚ್ಚು ದಿನ ಇಲ್ಲವೆಂದು ಅವಳಿಗೆ ಅವನನ್ನು ಎತ್ತುವಾಗಿನ ತೂಕದಿಂದಲೇ ತಿಳಿಯುತ್ತಿತ್ತು. ಒಂದು ಅಮಾವಾಸ್ಯೆಯ ಹಿಂದಿನ ದಿನ, ಶಾಲೆಯವರೆಲ್ಲ ಹೋದ ಮೇಲೆ, ಅವಳು ಅವನನ್ನು ಎಬ್ಬಿಸಿ ದಿಂಬಿಗೆ ಒರಗಿಸಿ ಕೂರಿಸಿದಳು. ಮಂಚದ ಮುಂದೆ ಜಮಖಾನ ಹಾಸಿದಳು. ಹೊಟ್ಟೆಗೆ ಏನೂ ಹಾಕಿಕೊಂಡಿರಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡಿದ್ದಳು.

"ಏನೂಂದ್ರೆ, ಇಲ್ಲಿ ನೋಡಿ. ನಾನು ಮಾಡ್ತೀನಿ. ನೋಡ್ತಾ ಇರಿ."

ಅವನು ಎಣಿಸಿದ. ಅವಳು ಅವನ ಎಣಿಕೆಗೆ ಬಗ್ಗಿದಳು, ಎದ್ದಳು. ಮಂಡಿಗಳು ಕಿರುಗುಟ್ಟಿದವು, ಎಡ ಭುಜ ನೋಯಿತು. ಅವನ ಎಣಿಕೆ ಎಲ್ಲೆಲ್ಲೋ ಹಾರುತ್ತಿತ್ತು. ಹಾರಿದಲ್ಲಿ ಅವಳು ಕಾದು, ಸರಿಯಾದದ್ದು ಬಂದಾಗ ಕೂಡಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಮತ್ತೆ ಅವನ ಧ್ವನಿಗೆ ಅವಳ ಉಸಿರು. ನಾಲ್ಕನೆಯ ಮರೀಚಿಗೆ ಬಂದಳು. ನಡು ತಿರುಚಿದಳು. ಬೆರಳುಗಳು ಬೆನ್ನ ಹಿಂದೆ ಹುಡುಕಾಡಿ, ತಪ್ಪಿ, ಕೊನೆಗೆ ಸಿಕ್ಕವು. ಐದು ಉಸಿರು. ಇನ್ನೊಂದು ಕಡೆ. ಮತ್ತೆ ಐದು. ಬಿಡಿಸಿಕೊಂಡು, ಕಾಲು ಚಾಚಿ ಅವನ ಮುಂದೆ ಕೂತಳು.

"ಆಯ್ತು. ಮುಂದಿನ್ದು ಕೊಡಿ."

ಅವನು ಅವಳನ್ನೇ ನೋಡುತ್ತಿದ್ದ. ಎಣಿಕೆ ನಿಂತಿತು. ತುಟಿಯ ಸರಿಯಿರುವ ಅರ್ಧ ಅಲುಗಾಡಿತು. ಕತ್ತಿನ ನರ ಬಿಗಿಯಿತು. ಹೇಳಲೇಬೇಕಾದ ಏನೋ ಇದೆ ಎಂಬ ಹಾಗೆ ಅವನ ಎಡಗೈ ಮಂಚದ ಅಂಚನ್ನು ಹಿಡಿಯಿತು. ಅವಳು ಉಸಿರು ಕಟ್ಟಿದಳು, ಹೊಸಬರ ಹಾಗೆ.

"ಹಾಲು," ಎಂದ ಶೇಷಗಿರಿ.

ಮಾತು ಹೋದ ಮೇಲೆ ಎಣಿಕೆಯಲ್ಲದ ಮೊದಲ ಶಬ್ದ. ಅವಳು ಕೂತೇ ಇದ್ದಳು. ಮತ್ತೊಮ್ಮೆ ಹೇಳಿದ, "ಹಾಲು."

ಅವಳು ಎದ್ದಳು. ಮೊಣಕೈ ಊರಿ ಎದ್ದು, ಸೀರೆ ಸರಿಮಾಡಿಕೊಂಡು, ಅಡುಗೆಮನೆಗೆ ಹೋಗಿ ಲೋಟದಲ್ಲಿ ಉಗುರುಬೆಚ್ಚನೆಯ ಹಾಲು ತಂದಳು. ಚಮಚ ತುಟಿಗೆ ಹಿಡಿದರೆ ಅವನು ಬಾಯಿ ಬಿಗಿಯಾಗಿ ಮುಚ್ಚಿದ. ಮುಖ ತಿರುಗಿಸಿದ. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಲಕ್ವದವರಿಗೆ ಕಣ್ಣೀರು ಸುಮ್ಮನೆಯೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಮರೀಚಿ ಪಳಗಿದ ಆ ಬೆಳಗಿನ ಹಾಲೇ? ಅದರ ಹಿಂದೆಯೇ ಆಡಿದ, ನಾಳೆ ಕೊಡ್ತೀನಿ ಎಂಬ ಮಾತೇ? ಅಥವಾ ಮನೆಯ ಹೆಂಗಸು ಕೂತದ್ದನ್ನು ಕಂಡಾಗ ಬಾಯಿಗೆ ತಾನಾಗಿ ಬರುವ ಪಾಠವೇ? ಅವಳು ಕೇಳಿದಳು. ಮಂಚದ ಮೇಲೆ ಕೂತು, ಅವನ ಗಲ್ಲ ಹಿಡಿದು, ಇಷ್ಟು ವರ್ಷ ಗಂಟಲಲ್ಲಿದ್ದುದನ್ನು ಕೇಳಿದಳು. "ಅಮ್ಮ ಹೇಳಿದ್ದನ್ನ ನೀವೂ ನಂಬಿದ್ರಾ? ಹೂಂ ಅಂತ ಒಂದು ಸಲ ಕಣ್ಣು ಮುಚ್ಚಿ. ಇಲ್ಲ ಅಂದ್ರೆ ಸುಮ್ನಿರಿ."

ಅವನು ಕಣ್ಣು ಮುಚ್ಚಿದ. ತೆರೆಯಲಿಲ್ಲ. ನಿದ್ದೆ ಹೋಗಿದ್ದ.

ಧನುರ್ಮಾಸದ ಒಂದು ಬೆಳಗ್ಗೆ ಅವಳು ಮಗ್ಗುಲು ಬದಲಿಸಲು ಕೈ ತೂರಿಸಿದಾಗ ಮೈ ತಣ್ಣಗಿತ್ತು. ಮೈ ಒರೆಸಿ, ಒಗೆದ ಪಂಚೆ ಉಡಿಸಿ, ಆಮೇಲೆ ಭಾರ್ಗವನಿಗೆ ಫೋನು ಮಾಡಿದಳು.

ವೈಕುಂಠ ಸಮಾರಾಧನೆಗೆ ಶಾಲೆಯ ಹಳಬರೆಲ್ಲ ಬಂದರು. ಅವರವರ ಆಸನಗಳನ್ನು ಸರ್ ಹೇಗೆ ಕೊಟ್ಟರು, ಯಾವ ದಿನ ಕೊಟ್ಟರು ಎಂದು ಹೇಳಿಕೊಂಡು ಅತ್ತರು. ಒಬ್ಬೊಬ್ಬರೂ ಅವಳ ಕೈ ಹಿಡಿದು, ಎಂಥ ಸೇವೆ ಮಾಡಿದಿರಿ ಎಂದರು. ದಾಕ್ಷಾಯಿಣಿ ಮಾತ್ರ ಏನೂ ಹೇಳದೆ ಎಲೆ ಎತ್ತಿ, ನೆಲ ಬಳಿದು, ಹೋಗುವಾಗ ಕಿವಿಯ ಹತ್ತಿರ ಕೇಳಿದಳು. "ಮಲ್ಕೊಂಡ್ರಾ ಅಮ್ಮಾ ಈ ದಿನಗಳಲ್ಲಿ? ಮಲ್ಕೊಳ್ಳಿ."

ಶಾಲೆ ಮತ್ತೆ ತೆರೆಯುವ ಬೆಳಗ್ಗೆ ಅವಳಿಗೆ ಅದೇ ಹೊತ್ತಿಗೆ ಎಚ್ಚರವಾಯಿತು. ಕೈ ಅಭ್ಯಾಸದಿಂದ ಪಕ್ಕದ ಮಂಚದ ಕಡೆ ಹೋಗಿ ಬರಿಯ ಹಲಗೆ ಮುಟ್ಟಿತು. ಒಂದು ಕೆಲಸ ಕಡಿಮೆಯಾಗಿತ್ತು. ಆ ಕಡಿಮೆಯಾದ ಹೊತ್ತನ್ನು ಏನು ಮಾಡುವುದೋ ತಿಳಿಯದೆ ಸ್ವಲ್ಪ ಕಾಲ ಕತ್ತಲೆಯಲ್ಲಿ ಕೂತಿದ್ದಳು. ಆಮೇಲೆ ಬಾಗಿಲಿಗೆ ನೀರು, ಹಂಡೆಗೆ ಉರಿ, ಹಜಾರ, ಕಿಟಕಿ, ಜಮಖಾನ. ದೀಪ. ಇಡ್ಲಿ ತಟ್ಟೆ. ಹಾಲು.

ಉಗ್ರಾಣದ ಬಾಗಿಲು ಮುಂದೆ ಮಾಡಿಕೊಂಡು ಶುರುಮಾಡಿದಳು. ಎಣಿಸುವವರಿಲ್ಲದೆ ಮೊದಮೊದಲು ಉಸಿರು ದಾರಿ ತಪ್ಪಿತು. ಮರೀಚಿಗೆ ಬಂದಾಗ ಅಡುಗೆಮನೆಯಿಂದ ಹಾಲಿನ ಸಣ್ಣ ಸದ್ದು ಕೇಳತೊಡಗಿತ್ತು. ಅಂಚು ಬಿಡುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಮೇಲೇರುತ್ತದೆ. ಉಕ್ಕಿದರೆ ಒಲೆ ತಿಕ್ಕುವವಳೂ ತಾನೇ. ಬೆರಳುಗಳನ್ನು ಬಿಡಿಸಿಕೊಂಡು, ಎದ್ದು ಹೋಗಿ, ಒಲೆ ಆರಿಸಿದಳು. ಹಾಲು ಇನ್ನೂ ಪೂರ್ತಿ ಕಾದಿರಲಿಲ್ಲ. ಮತ್ತೆ ಮೊದಲಿನಿಂದ ಕಾಯಿಸಬೇಕು. ಇವತ್ತು ಎಲ್ಲರ ಕಾಫಿ ತಡ.

ಉಗ್ರಾಣಕ್ಕೆ ಮರಳಿ ಬಂದು ಅಕ್ಕಿ ಡ್ರಮ್ಮಿಗೆ ಬೆನ್ನು ಮಾಡಿ ಕೂತಳು. ಕೊಡುವವರು ಯಾರೂ ಇರಲಿಲ್ಲ, ಬೇಡ ಎನ್ನುವವರೂ ಇರಲಿಲ್ಲ. ಅವನು ನಂಬಿದ್ದನೋ ಇಲ್ಲವೋ, ಅದು ಅವನ ಜೊತೆಯೇ ಹೋಗಿತ್ತು; ಅದಕ್ಕಾಗಿ ಇನ್ನು ಕಾಯುವಂತಿರಲಿಲ್ಲ. ಕೈಗಳನ್ನು ಮುಂದೆ ಚಾಚಿ ಕಾಲು ಎತ್ತಿದಳು. ಕಾಲು ಒಂದು ಗೇಣು ಎದ್ದು ಬಿತ್ತು. ಹಿಮ್ಮಡಿ ನೆಲಕ್ಕೆ ಬಡಿದು ನೋವಾಯಿತು. ಹೊಟ್ಟೆಯ ಆಳದಲ್ಲಿ, ಎಂದೋ ಒಂದು ಜೀವ ಐದು ತಿಂಗಳು ಇದ್ದ ಜಾಗದಲ್ಲಿ, ನಡುಕ ಹುಟ್ಟಿತು.

ಹೊರಗೆ ಗೇಟಿನ ಚಿಲಕ ಸದ್ದು ಮಾಡಿತು. "ಅಮ್ಮಾ," ಎಂದು ಭಾರ್ಗವ ಕರೆದ. "ಎದ್ದಿದೀರಾ ಅಮ್ಮಾ? ಎಲ್ಲಾ ಬಂದು ನಿಂತಿದಾರೆ."

ಗೇಟಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ವಿಶಾಲು ಅದನ್ನು ತೆಗೆದು ಬೇಳೆ ಡಬ್ಬದ ಮೇಲಿಟ್ಟಳು. ಉಸಿರು ಬಿಟ್ಟಳು, ಎಳೆದಳು, ಮತ್ತೆ ಕಾಲು ಎತ್ತಿದಳು.